ಹೊಡೆದುಹಾಕಿದ ಹೆಸರುಗಳು

ಹೊಸ ಆಡಳಿತಾಧಿಕಾರಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಬೇಕಾಗಲಿಲ್ಲ. ಕೆಳಗಿನ ಹೊರರೋಗಿ ವಿಭಾಗದಲ್ಲಿ ಊರುಗೋಲು ಹಿಡಿದು ಬೆಳಿಗ್ಗೆ ಏಳಕ್ಕೇ ಬಂದು ಕೂತಿದ್ದವರನ್ನು ನೋಡಿ ಆತ ನನ್ನ ಕಡೆ ತಿರುಗಿ, "ಇವರಲ್ಲಿ ಎಷ್ಟು ಪರ್ಸೆಂಟ್ ನಿಜವಾದ ಪೇಷೆಂಟ್ಸು?" ಎಂದು ಕೇಳಿದ. ನೋವಿಗೆ ಹಲ್ಲು ಕಚ್ಚಿ ಕೂತವರ ಮುಂದೆ ಆಡುವ ಮಾತೇ ಅದು? ಮಧ್ಯಾಹ್ನ ಊಟದ ಹೊತ್ತಿಗೆ ನಾವೆಲ್ಲ ಸೇರಿ ಆತನಿಗೆ ಶೇಕಡಾ ಎಂದು ಹೆಸರಿಟ್ಟಾಗಿತ್ತು. ಆಸ್ಪತ್ರೆಯಲ್ಲಿ ನಾಮಕರಣಕ್ಕೆ ಮಾತ್ರ ಯಾರೂ ಸರದಿ ಕಾಯಬೇಕಾಗಿಲ್ಲ.

ನನ್ನ ಕೆಲಸ ಎರಡನೇ ಮಹಡಿಯಲ್ಲಿ. ಮೂಳೆ ಆಪರೇಷನ್ನಿಗೆ ಕಾಯುವವರ ಪಟ್ಟಿ ನೋಡಿಕೊಳ್ಳುವ ಗುಮಾಸ್ತೆ ನಾನು. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ. ರೋಗಿಗಳು ನನ್ನನ್ನು ಪಟ್ಟಿಯಮ್ಮ ಎನ್ನುತ್ತಾರೆ. ಎದುರಿಗೆ ಅಷ್ಟು, ಬೆನ್ನ ಹಿಂದೆ ಏನೇನು ಅನ್ನುತ್ತಾರೋ ಅದೂ ನನಗೆ ಗೊತ್ತು. ಶೇಕಡಾ ಬಂದಾಗ ಪಟ್ಟಿಯಲ್ಲಿ ಸಾವಿರದ ಎಂಟುನೂರ ನಲವತ್ತು ಹೆಸರುಗಳಿದ್ದವು. ನಡೆಯುತ್ತಿದ್ದ ಥಿಯೇಟರ್ ಒಂದು, ವಾರಕ್ಕೆ ಹನ್ನೆರಡು ಆಪರೇಷನ್. ಇವತ್ತು ಹೆಸರು ಬರೆಸಿದವನ ಸರದಿ ಬರುವುದು ಮೂರು ವರ್ಷಕ್ಕೆ.

ಎರಡನೇ ಥಿಯೇಟರ್ ಇರಲಿಲ್ಲವೆಂದಲ್ಲ. ಇತ್ತು, ಅದಕ್ಕೆ ಬೀಗ ಹಾಕಿತ್ತು. ನಮ್ಮ ಮೂಳೆ ಡಾಕ್ಟರಮ್ಮ ಮೂರು ವರ್ಷದ ಹಿಂದೆ ಸರ್ಕಾರದ ಬಾಗಿಲು ಬಡಿದು ಬಡಿದು ಹತ್ತು ವರ್ಷದ ಯೋಜನೆಯೊಂದನ್ನು ಮಂಜೂರು ಮಾಡಿಸಿಕೊಂಡು ಬಂದಿದ್ದರು. ಥಿಯೇಟರ್ ಕಟ್ಟುವುದು, ಅದನ್ನು ನಡೆಸಲು ಬೇಕಾದ ನರ್ಸುಗಳನ್ನೂ ಅರಿವಳಿಕೆಯವರನ್ನೂ ನಮ್ಮಲ್ಲೇ ಓದಿಸಿ ತಯಾರು ಮಾಡುವುದು, ಆಪರೇಷನ್ ಆದವರಿಗೆ ನಡಿಗೆ ಕಲಿಸುವ ವಾರ್ಡೊಂದನ್ನು ತೆರೆಯುವುದು. "ಗೋಡೆ ಆರು ತಿಂಗಳಲ್ಲಿ ಎದ್ದು ನಿಲ್ಲುತ್ತೆ ಕಣ್ರೀ. ಮನುಷ್ಯರು ತಯಾರಾಗೋಕೆ ನಾಲ್ಕು ವರ್ಷ ಬೇಕು. ಅಲ್ಲೀವರೆಗೂ ಯಾರೂ ಬೀಜ ಕಿತ್ತು ನೋಡಬಾರದು, ಅಷ್ಟೇ," ಎಂದು ಅವರು ಹೇಳುತ್ತಿದ್ದರು. ಮೊದಲ ತಂಡದ ಹದಿನಾಲ್ಕು ಮಂದಿಯ ಓದು ಮುಗಿಯಲು ಇನ್ನು ಹನ್ನೊಂದು ತಿಂಗಳಿತ್ತು.

ಶೇಕಡಾನಿಗೆ ಹನ್ನೊಂದು ತಿಂಗಳು ಕಾಯುವ ಪುರುಸೊತ್ತಿರಲಿಲ್ಲ. ಮೂರು ತಿಂಗಳಲ್ಲಿ ಪಟ್ಟಿ ಇಳಿಸಿ ತೋರಿಸುತ್ತೇನೆಂದು ಆತ ಮೇಲಿನವರಿಗೆ ಮಾತು ಕೊಟ್ಟಿದ್ದ. ಪಟ್ಟಿ ಇಳಿಸುವುದಕ್ಕೆ ಎರಡು ದಾರಿ. ಒಂದು, ಆಪರೇಷನ್ ಮಾಡುವುದು. ಆತ ಹಿಡಿದದ್ದು ಇನ್ನೊಂದು. ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದು ಪತ್ರ ಹೋಯಿತು. ನಿಮಗೆ ಈಗಲೂ ಆಪರೇಷನ್ ಬೇಕಿದ್ದರೆ ಇಪ್ಪತ್ತೊಂದು ದಿನದೊಳಗೆ ಖುದ್ದಾಗಿ ಎರಡನೇ ಮಹಡಿಗೆ ಬಂದು ಸಹಿ ಮಾಡಿ, ತಪ್ಪಿದರೆ ಹೆಸರು ತೆಗೆಯಲಾಗುವುದು. ಖುದ್ದಾಗಿ ಎಂಬ ಪದದ ಕೆಳಗೆ ಗೆರೆ ಬೇರೆ.

"ಸರ್, ಇವರೆಲ್ಲ ಮಂಡಿ ಹೋದವರು, ಸೊಂಟ ಮುರಿದವರು. ಲಿಫ್ಟ್ ತಿಂಗಳಲ್ಲಿ ಹದಿನೈದು ದಿನ ಕೆಟ್ಟಿರುತ್ತೆ. ನಲವತ್ನಾಲ್ಕು ಮೆಟ್ಲು," ಎಂದೆ.

"ಅಗತ್ಯ ಇರೋರು ಹತ್ತಿ ಬರ್ತಾರೆ ಮೇಡಂ."

"ಹತ್ತೋಕೆ ಆಗೋದಾಗಿದ್ರೆ ಅವ್ರಿಗೆ ಆಪರೇಷನ್ ಯಾಕೆ ಬೇಕಿತ್ತು?"

ಆತ ನಕ್ಕ. ನಾನೇನೋ ತಮಾಷೆ ಮಾಡಿದೆ ಅಂದುಕೊಂಡನೋ ಏನೋ. ನನ್ನ ಮೈ ಉರಿಯಿತು. ಆದರೂ ಪತ್ರಗಳ ಮೇಲೆ ವಿಳಾಸ ಅಂಟಿಸಿದವಳು ನಾನೇ, ಇಪ್ಪತ್ತೆರಡನೇ ದಿನ ಕಂಪ್ಯೂಟರಿನಲ್ಲಿ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕಿದವಳೂ ನಾನೇ. ಏಳುನೂರ ನಲವತ್ತೆರಡು ಹೆಸರು. ಸತ್ತವರಿದ್ದಾರೆ, ಊರು ಬಿಟ್ಟವರಿದ್ದಾರೆ, ಪಟ್ಟಿ ಒಮ್ಮೆ ಸ್ವಚ್ಛವಾದರೆ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ಬೈಯುವುದು ಬಾಯಿಯ ಕೆಲಸ, ಹೊಡೆಯುವುದು ಕೈಯ ಕೆಲಸ, ಎರಡೂ ಒಟ್ಟಿಗೆ ನಡೆಯುತ್ತವೆ. ಪಟ್ಟಿ ಸಾವಿರದ ತೊಂಬತ್ತೆಂಟಕ್ಕೆ ಇಳಿಯಿತು. "ನಲವತ್ತು ಪರ್ಸೆಂಟ್!" ಎಂದು ಶೇಕಡಾ ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತ ಓಡಾಡಿದ, ಮನೆಯಲ್ಲಿ ಮಗು ಹುಟ್ಟಿದವರ ಹಾಗೆ.

ಅದಾಗಿ ಹತ್ತು ದಿನಕ್ಕೆ ಅಕ್ಕನ ಫೋನು ಬಂತು.

ನನ್ನ ಭಾವನದು ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ. ಮೂವತ್ತು ವರ್ಷ ಮಂಡಿಯೂರಿ ಕೂತು ಊರಿನ ಅರ್ಧ ನೆಲ ಮಾಡಿದವರು. ಅವರು ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಅದು ಬಿಟ್ಟಲ್ಲೇ ನಿಲ್ಲುತ್ತದೆ. ಈಗ ಎರಡೂ ಮಂಡಿ ಸವೆದುಹೋಗಿ, ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುವುದಕ್ಕೇ ಕಾಲು ಗಂಟೆ. ಹೆಸರು ಬರೆಸಿ ಒಂದು ವರ್ಷ ಎಂಟು ತಿಂಗಳಾಗಿತ್ತು. ಇನ್ನೊಂದು ವರ್ಷದೊಳಗೆ ಆಪರೇಷನ್ ಆಗಬೇಕು, ತೊಡೆಯ ಸ್ನಾಯು ಸೊರಗಿದರೆ ಆಮೇಲೆ ಮಾಡಿಯೂ ಪ್ರಯೋಜನವಿಲ್ಲ ಎಂದು ಡಾಕ್ಟರಮ್ಮ ಇತ್ತೀಚೆಗಷ್ಟೇ ಹೇಳಿದ್ದರು. ಮಾತಿಗೆ ಹೇಳಿದ್ದಲ್ಲ, ಕೇಸ್ ಶೀಟಿನಲ್ಲಿ ಬರೆದಿದ್ದರು.

"ಅಲ್ಲಾ ಕಣೇ, ನಿಮ್ಮ ಭಾವನ ಸರದಿ ಎಲ್ಲಿಗ್ಬಂತು ಅಂತ ಕೇಳೋಣ ಅಂತ ಆಸ್ಪತ್ರೆಗೆ ಫೋನ್ ಮಾಡಿದ್ರೆ, ಆ ಹೆಸರಿನವ್ರು ಪಟ್ಟೀಲೇ ಇಲ್ಲ ಅಂತಾರಲ್ಲ!" ಎಂದಳು ಅಕ್ಕ.

"ಪತ್ರ ಬಂದಿರ್ಲಿಲ್ವಾ?"

"ಬಂದಿತ್ತು. ನಾನು ಆಟೋ ಹೇಳ್ತೀನಿ, ಹೋಗೋಣ ಅಂದೆ. ಇವ್ರು, ನಾದಿನಿ ಅಲ್ಲೇ ಕೂತಿದ್ದಾಳಲ್ಲ, ನಾವು ಹೋಗಿ ಅವಳ ಮುಂದೆ ಸಹಿ ಮಾಡೋದು ಅವಳನ್ನ ನಂಬಲ್ಲ ಅಂದಂಗಾಗುತ್ತೆ ಅಂದ್ರು."

ನಮ್ಮ ಕೋಣೆಯಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಗುಮಾಸ್ತರು ತಮ್ಮ ನೆಂಟರ ಫೈಲ್ ಮುಟ್ಟುವಂತಿಲ್ಲ, ಅದು ಎದುರು ಮೇಜಿನವರ ಪಾಲು. ಮನೆಯಲ್ಲಿ ಅದರ ಬಗ್ಗೆ ತುಟಿ ಬಿಚ್ಚುವಂತೆಯೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಅದು ನನ್ನ ಹೆಮ್ಮೆ, ಸುಳ್ಳೇಕೆ, ಜಂಬ. ಭಾವನ ಹೆಸರು ಎಷ್ಟನೆಯದು ಎಂದು ಕೂಡ ನಾನು ನೋಡಿರಲಿಲ್ಲ.

ಎದುರು ಮೇಜಿನವನನ್ನು ನಾವು 'ಆಮೇಲೆ' ಎಂದೇ ಕರೆಯುತ್ತೇವೆ. ಏನು ಕೇಳಿದರೂ "ಆಮೇಲೆ ನೋಡೋಣ" ಅನ್ನುವುದು ಅವನ ಜಾಯಮಾನ. ಹೋಗಿ ಅವನ ಮುಂದೆ ನಿಂತೆ.

"ನನ್ನ ಭಾವನ ಹೆಸರು ಹೊಡೆದವ್ರು ಯಾರು?"

ಅವನು ಪೆನ್ನು ಕೆಳಗಿಟ್ಟ. "ನಾನೇ. ಇಪ್ಪತ್ತೊಂದು ದಿನ ಆದ್ರೂ ಬರ್ಲಿಲ್ಲ. ನಿಮ್ಮನೆಯವ್ರು, ನೀವೇ ಹೇಳಿರ್ತೀರಿ, ಬೇರೆ ಕಡೆ ಮಾಡಿಸ್ಕೊಂಡ್ರೇನೋ ಅಂದ್ಕೊಂಡೆ ಮೇಡಂ."

"ಒಂದು ಮಾತು ಕೇಳ್ಬಾರ್ದಿತ್ತಾ? ಮೂರು ಮಾರು ದೂರದಲ್ಲಿ ಕೂತಿದೀನಿ!"

"ನೆಂಟರ ವಿಷಯ ಕೇಳಿದ್ರೆ ನೀವೇ ಬೈತೀರಲ್ಲ."

ನಿಜ, ಬೈಯುತ್ತಿದ್ದೆ. ಭಾವ ನನ್ನ ಮೇಲೆ ಭಾರ ಹಾಕಿದರು, ನಾನು ಆಮೇಲೆಯ ಮೇಲೆ, ಆಮೇಲೆ ಮತ್ತೆ ನನ್ನ ಮೇಲೆ. ನಡುವೆ ಆ ಮನುಷ್ಯನ ಎರಡು ಕಾಲು ನೆಲಕ್ಕೆ ಬಿದ್ದವು. ಹೊಸದಾಗಿ ಬರೆಸಿದರೆ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತದೆ. ಅಲ್ಲಿಂದ ಅವರ ಸರದಿ ಬರಲು ಸುಮಾರು ಎರಡು ವರ್ಷ.

ಶೇಕಡಾನ ಕೋಣೆಗೆ ಹೋದೆ. ಕೂಗಾಡಬೇಕೆಂದೇ ಹೋಗಿದ್ದೆ. ಆತ ಸಮಾಧಾನದಿಂದ ಕೇಳಿಸಿಕೊಂಡು, ಬಾಗಿಲು ಹಾಕಿ ಬರಲು ಹೇಳಿ, ತಗ್ಗಿದ ದನಿಯಲ್ಲಿ, "ಮೇಡಂ, ಒಂದು ಹೆಸರು ತಾನೇ? ನಿಮ್ಮ ಭಾವನವರ ಫೈಲ್ ತನ್ನಿ. ತುರ್ತು ಅಂತ ಬರೀತೀನಿ. ಮುಂದಿನ ತಿಂಗಳೇ ಮಾಡ್ಸೋಣ. ಈ ವಿಷಯ ಇಲ್ಲಿಗೇ ಬಿಡೋಣ," ಎಂದ.

ಬೇರೆ ಯಾರಿಗಾದರೂ ಆತ ಹೀಗೆ ಹೇಳಿದ್ದನ್ನು ಕೇಳಿದ್ದರೆ ಆತನ ಮುಖಕ್ಕೆ ಉಗಿದು ಬರುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದದ್ದು, "ಸೋಮವಾರ ಹೇಳ್ತೀನಿ ಸರ್." ಆಸೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಭಾವ ಮುಂದಿನ ತಿಂಗಳು ನಡೆದಾಡುವುದು ಕಣ್ಣಿಗೆ ಕಟ್ಟಿತು. ಅದೇ ಖುಷಿಯಲ್ಲಿ ನಾಲಿಗೆ ಹಿಡಿತ ತಪ್ಪಿ ಸಂಜೆ ಅಕ್ಕನಿಗೂ ಹೇಳಿಬಿಟ್ಟೆ. ಅವಳು ಫೋನಿನಲ್ಲೇ ಅತ್ತಳು. "ಇನ್ನೇನು ಯೋಚ್ನೆ ಮಾಡ್ತೀಯ? ಹೂಂ ಅನ್ನು. ನಿನ್ನ ಜನ್ಮದಲ್ಲಿ ಒಂದ್ಸಲ ನಮಗೋಸ್ಕರ ಹೂಂ ಅನ್ನು," ಎಂದಳು. ಭಾವನಿಗೆ ಈಗಲೇ ಹೇಳುವುದು ಬೇಡ, ತಾರೀಕು ಗಟ್ಟಿಯಾಗಲಿ ಎಂದು ಇಬ್ಬರೂ ಮಾತಾಡಿಕೊಂಡೆವು.

ಸೋಮವಾರ ಬೆಳಿಗ್ಗೆ ನಾನು ಫೈಲ್ ತೆಗೆದುಕೊಂಡು ಏಳುವಷ್ಟರಲ್ಲಿ ಡಾಕ್ಟರಮ್ಮ ಬಂದರು. ಯಾವತ್ತೂ ಮೇಲೆ ಬಂದವರಲ್ಲ. ಒಂದು ಕಾಗದವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಓದ್ರೀ. ನಿಮ್ಮ ಕೈಚಳಕ."

ಇಲಾಖೆಯ ಪತ್ರ. ಕಾಯುವವರ ಸಂಖ್ಯೆ ಸಾವಿರದ ಐನೂರಕ್ಕಿಂತ ಹೆಚ್ಚಿದ್ದರೆ ಮಾತ್ರ ಯೋಜನೆಯ ಮುಂದಿನ ಹಂತಕ್ಕೆ ಅನುದಾನ ಎಂದು ಮಂಜೂರಾತಿಯಲ್ಲೇ ಷರತ್ತಿತ್ತಂತೆ. ಈಗ ಸಂಖ್ಯೆ ಸಾವಿರದ ತೊಂಬತ್ತೆಂಟು. ಹಾಗಾಗಿ ಎರಡನೇ ಥಿಯೇಟರಿನ ಅಗತ್ಯ ಕಂಡುಬರುವುದಿಲ್ಲ, ತರಬೇತಿಯನ್ನು ಈ ಸಾಲಿಗೇ ನಿಲ್ಲಿಸಲಾಗುವುದು, ಗುರುವಾರ ಸಮಿತಿ ಬಂದು ಸಂಖ್ಯೆಯನ್ನು ಖಚಿತಪಡಿಸಿಕೊಳ್ಳುತ್ತದೆ.

"ಅವನಿಗೆ ಈ ಷರತ್ತು ಗೊತ್ತಿತ್ತಾ ಡಾಕ್ಟ್ರೇ?"

"ಗೊತ್ತಿಲ್ದೆ ಏನು? ಹತ್ತು ವರ್ಷದ ಕೆಲಸದ ಹೆಸರು ಯಾರಿಗೋ ಹೋಗುತ್ತೆ, ಮೂರು ತಿಂಗಳ ಹೆಸರು ಅವನಿಗೇ ಬರುತ್ತೆ. ಅವನ ಬಿಡಿ, ಅವನು ನಾಳೆ ಇನ್ನೊಂದೂರು. ನೀವು ಇಪ್ಪತ್ತೆರಡು ವರ್ಷ ಇಲ್ಲಿ ಕೂತವ್ರು. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ್ರೀ? ಆ ಹದಿನಾಲ್ಕು ಹುಡುಗೀರು ಒಂಬತ್ತು ತಿಂಗಳಿದ್ದಾಗ ಓದು ಬಿಟ್ಟು ಮನೆಗೆ ಹೋಗ್ಬೇಕಾ?"

ನಾನು ತಲೆ ತಗ್ಗಿಸಿದೆ. ಅವರ ಮೇಲೂ ಸಿಟ್ಟು ಬಂತು, ಸರಿಯಾದ ಮಾತು ಹೇಳುವವರ ಮೇಲೆ ಬರುವಂಥ ಸಿಟ್ಟು. ಕೈಯಲ್ಲಿ ಭಾವನ ಫೈಲ್ ಇತ್ತು. ಡಾಕ್ಟರಮ್ಮ ಅದರ ಮೇಲಿನ ಹೆಸರು ನೋಡಿದರು.

"ಹೆಸರು ತೆಗೆಯೋದಕ್ಕೆ ಡಾಕ್ಟರ್ ಸಹಿ ಬೇಕು ಅಂತ ನಿಯಮ ಇದೆಯಲ್ವಾ?" ಎಂದೆ.

"ಇದೆ. ನನ್ನನ್ನ ಯಾರೂ ಕೇಳಿಲ್ಲ. ನಾನು ಒಂದಕ್ಕೂ ಸಹಿ ಮಾಡಿಲ್ಲ."

"ಹಾಗಾದ್ರೆ ಹೊಡೆದಿದ್ದು ಯಾವುದೂ ಊರ್ಜಿತ ಅಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿ ಹೊರಟುಹೋದರು. ಶೇಕಡಾ ಅವತ್ತೇ ಮೀಟಿಂಗಿಗೆಂದು ಪ್ರಧಾನ ಕಚೇರಿಗೆ ಹೋಗಿದ್ದ, ಬರುವುದು ಗುರುವಾರ ಸಮಿತಿಯ ಜೊತೆಗೆ. ನನಗೆ ಮೂರು ದಿನವಿತ್ತು.

ಅರ್ಧ ಗಂಟೆ ನಾನು ಏನೂ ಮಾಡದೆ ಕೂತಿದ್ದೆ. ಲೆಕ್ಕ ಕಣ್ಣ ಮುಂದೆಯೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಭಾವನಿಗೆ ಮುಂದಿನ ತಿಂಗಳು ಆಪರೇಷನ್, ಮಿಕ್ಕವರಿಗೆ ಎಂದೆಂದಿಗೂ ಒಂದೇ ಥಿಯೇಟರ್. ಎಲ್ಲರ ಹೆಸರೂ ವಾಪಸು ಬಂದರೆ ಭಾವ ತಮ್ಮ ಜಾಗಕ್ಕೇ ಹೋಗುತ್ತಾರೆ. ಕಟ್ಟಳೆ ಹೇಗೂ ಮುರಿದಾಗಿತ್ತು, ಅವತ್ತು ಮೊದಲ ಸಲ ಅವರ ಸಂಖ್ಯೆ ನೋಡಿದೆ. ಎಂಟುನೂರ ನಲವತ್ತರ ಆಸುಪಾಸು. ಒಂದೇ ಥಿಯೇಟರಾದರೆ ಹದಿನಾರು ತಿಂಗಳು. ಅನುದಾನ ಉಳಿದು ಒಂಬತ್ತು ತಿಂಗಳಿಗೆ ಎರಡನೆಯದು ತೆರೆದರೂ ಹನ್ನೆರಡೂವರೆ, ಹದಿಮೂರು. ಡಾಕ್ಟರಮ್ಮ ಕೊಟ್ಟ ಗಡುವು ಹನ್ನೆರಡು. ಒಂದು ತಿಂಗಳಲ್ಲೇನು ಪ್ರಪಂಚ ಮುಳುಗುತ್ತದೆ ಎಂದುಕೊಂಡೆ. ಕಾಲು ನನ್ನದಾಗಿದ್ದರೆ ಹಾಗೆ ಅಂದುಕೊಳ್ಳುತ್ತಿದ್ದೆನೋ ಇಲ್ಲವೋ.

ಎದ್ದು ಆಮೇಲೆಯ ಮೇಜಿನ ಮೇಲೆ ಅರ್ಧ ಪಟ್ಟಿ ಇಟ್ಟೆ. "ಎಲ್ಲಾ ವಾಪಸ್ ಹಾಕ್ಬೇಕು. ಹಳೇ ತಾರೀಕಿಗೆ. ಗುರುವಾರದೊಳಗೆ. ಆಮೇಲೆ ಅಂದ್ರೆ ನೋಡಿ."

ಅವನು ಅನ್ನಲಿಲ್ಲ. ಅವನೂ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲವೆಂದು ನಂತರ ಗೊತ್ತಾಯಿತು. ಒಂದೊಂದು ಹೆಸರನ್ನೂ ತೆರೆದು, 'ನಿಯಮಬಾಹಿರವಾಗಿ ತೆಗೆದದ್ದು' ಎಂದು ಕಾರಣ ಬರೆದು, ಮೂಲ ತಾರೀಕು ಹಾಕಿ ಮುಚ್ಚಬೇಕು. ನಡುನಡುವೆ ಫೋನ್ ಮಾಡಿ ವಿಚಾರಿಸಬೇಕು. ಒಬ್ಬಾಕೆ ಮೆಟ್ಟಿಲ ಬುಡದ ತನಕ ಬಂದು, ಹತ್ತಲಾಗದೆ, ಮೇಲಕ್ಕೆ ಕೂಗಿ, ಯಾರಿಗೂ ಕೇಳಿಸದೆ ವಾಪಸು ಹೋಗಿದ್ದಳಂತೆ. ಇನ್ನೊಬ್ಬ ಮುದುಕರು, "ನಾನು ಬದುಕಿದೀನಿ ಅಂತ ಬರ್ಕೊಳಮ್ಮ, ಬೇಕಾದ್ರೆ ಇಲ್ಲಿಂದ್ಲೇ ಕೆಮ್ತೀನಿ," ಎಂದು ನಿಜವಾಗಿಯೂ ಕೆಮ್ಮಿದರು. ತೀರಿಕೊಂಡವರು, ಬೇರೆ ಕಡೆ ಆಪರೇಷನ್ ಮಾಡಿಸಿಕೊಂಡವರು ಒಟ್ಟು ತೊಂಬತ್ತೊಂದು ಮಂದಿ ಸಿಕ್ಕರು. ಅವರನ್ನು ಡಾಕ್ಟರಮ್ಮನ ಸಹಿ ಪಡೆದು ಹೊರಗಿಟ್ಟೆವು. ಮಿಕ್ಕ ಆರುನೂರ ಐವತ್ತೊಂದು ಹೆಸರು ತಮ್ಮ ತಮ್ಮ ಜಾಗಕ್ಕೆ ಹೋದವು. ಭಾವನ ಹೆಸರನ್ನು ಎದುರು ಮೇಜಿನ ಆಮೇಲೆಯೇ ಹಾಕಿದ. ನಾನು ಮುಟ್ಟಲಿಲ್ಲ.

ಗುರುವಾರ ಸಮಿತಿಯ ಮೂವರು ಬಂದರು. ಲಿಫ್ಟ್ ಕೆಟ್ಟಿತ್ತು. ಅಧ್ಯಕ್ಷರು ನಲವತ್ನಾಲ್ಕು ಮೆಟ್ಟಿಲು ಹತ್ತಿ ಬಂದು ಮಾತಾಡಲಾಗದೆ ನನ್ನ ಕುರ್ಚಿಯಲ್ಲೇ ಕೂತು ಏದುಸಿರು ಬಿಟ್ಟರು. ಎರಡು ಒಳ್ಳೆಯ ಮಂಡಿ ಇಟ್ಟುಕೊಂಡೇ ಅವರ ಪಾಡು ಅದು. ನೀರು ಕೊಟ್ಟು, ಸಂಖ್ಯೆ ತೋರಿಸಿದೆ. ಸಾವಿರದ ಏಳುನೂರ ನಲವತ್ತೊಂಬತ್ತು.

ಶೇಕಡಾ ನಗಲು ನೋಡಿದ. "ಸಾರ್, ಇದು ಕ್ಲರ್ಕ್ ಮಾಡಿದ ತಪ್ಪು."

"ಹೌದು," ಎಂದೆ. "ಡಾಕ್ಟರ್ ಸಹಿ ಇಲ್ದೆ ಏಳುನೂರು ಜನರ ಹೆಸರು ಹೊಡೆದಿದ್ದು ನನ್ನ ತಪ್ಪೇ. ಹೊಡೀರಿ ಅಂತ ಹೇಳಿದ ಆದೇಶ ಇಲ್ಲಿದೆ. ಇವರ ಸಹಿ ಇದೆ. ಓದಿ ನೋಡಿ, ಖುದ್ದಾಗಿ ಅನ್ನೋದರ ಕೆಳಗೆ ಗೆರೆ ಎಳ್ದಿದಾರೆ."

ಅಧ್ಯಕ್ಷರು ಓದಿದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು. ತಿಂಗಳೊಪ್ಪತ್ತಿನಲ್ಲಿ ಅನುದಾನ ಮುಂದುವರಿದ ಆದೇಶ ಬಂತು. ಶೇಕಡಾನಿಗೆ ಏನೂ ಆಗಲಿಲ್ಲ, ಅಂಥವರಿಗೆ ಆಗುವುದೂ ಇಲ್ಲ. ನನ್ನನ್ನು ಮಾತ್ರ ಪಟ್ಟಿಯಿಂದ ಬಿಡಿಸಿ ಕೆಳಗಿನ ಡಿಸ್ಚಾರ್ಜ್ ಕೌಂಟರಿಗೆ ಹಾಕಿದ. ಮಾಡಿದ್ದುಣ್ಣೋ ಮಹಾರಾಯ ಅಂತ ನಾನು ಸುಮ್ಮನಾದೆ.

ಸಮಿತಿ ಹೋದ ಆ ಸಂಜೆಯೇ ಅಕ್ಕನ ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ, "ತಾರೀಕು ಯಾವತ್ತು?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳ ಮುಖ ನೋಡುನೋಡುತ್ತಲೇ ಕಲ್ಲಾಯಿತು.

"ಒಂದು ಹೆಸರು ಕಣೇ. ಅವ್ನೇ ಕರೆದು ಕೊಟ್ಟಿದ್ದ. ಕೈಗೆ ಬಂದ ತುತ್ತು."

"ಎಲ್ಲರ ಬಾಯಿಂದ ಕಿತ್ಕೊಂಡ ತುತ್ತು ಅಕ್ಕ ಅದು."

"ಎಲ್ಲರೂ ಯಾರೇ? ಅವ್ರು ಬಂದು ನಿಮ್ಮ ಭಾವನ್ನ ಬಚ್ಚಲಿಗೆ ಎತ್ಕೊಂಡ್ಹೋಗ್ತಾರಾ?"

ಭಾವ ಮಂಚದ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನನ್ನ ಪರವಾಗಿ ಒಂದು ಮಾತಾಡುತ್ತಾರೆ ಎಂದು ನಾನು ಕಾದೆ. ಅವರು ಎಂದೂ ಯಾರ ಮೇಲೂ ದನಿಯೆತ್ತಿದವರಲ್ಲ. ಅವತ್ತೂ ಎತ್ತಲಿಲ್ಲ.

"ನನ್ನ ಕಾಲು ಪಣಕ್ಕಿಡೋವಾಗ ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನಮ್ಮಾ?" ಎಂದರು. "ಕೇಳಿದ್ರೆ ಬಹುಶಃ ನೀನು ಮಾಡಿದ್ದನ್ನೇ ಮಾಡು ಅಂತಿದ್ದೆ. ಆದ್ರೆ ನೀನು ಕೇಳ್ಲಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಒಂಬತ್ತನೇ ತಿಂಗಳಿಗೆ ಎರಡನೇ ಥಿಯೇಟರ್ ತೆರೆಯಿತು. ಆ ಹದಿನಾಲ್ಕು ಮಂದಿ ಹೊಸ ಸಮವಸ್ತ್ರದಲ್ಲಿ ಒಳಗೆ ಹೋಗುವುದನ್ನು ನನ್ನ ಕೌಂಟರಿನಿಂದ ನೋಡಿದೆ. ವಾರಕ್ಕೆ ಇಪ್ಪತ್ನಾಲ್ಕು ಆಪರೇಷನ್. ಪಟ್ಟಿ ಈ ಸಲ ನಿಜವಾಗಿ ಇಳಿಯತೊಡಗಿತು. ಭಾವನ ಸರದಿ ಬಂದದ್ದು ಹದಿಮೂರನೇ ತಿಂಗಳಿಗೆ. ಬಲಮಂಡಿ ಚೆನ್ನಾಗಿ ಆಯಿತು. ಎಡಗಾಲಿನ ಸ್ನಾಯು ಸೊರಗಿಹೋಗಿದೆ, ಅದನ್ನು ಮುಟ್ಟಿ ಪ್ರಯೋಜನವಿಲ್ಲ ಎಂದು ಡಾಕ್ಟರಮ್ಮ ಹಾಗೇ ಬಿಟ್ಟರು. ಕೋಲು ಹಿಡಿದು ನಡೆಯಬಹುದು. ಮಂಡಿಯೂರಿ ಟೈಲ್ಸ್ ಹಾಕುವುದು ಇನ್ನಿಲ್ಲ.

ಬಿಡುಗಡೆಯ ದಿನ ಅಕ್ಕ ಕಾಗದ ಹಿಡಿದು ನನ್ನ ಸಾಲಿನಲ್ಲಿ ನಿಂತಿದ್ದಳು. ಪಕ್ಕದ ಕೌಂಟರ್ ಖಾಲಿ ಇತ್ತು, ಅಲ್ಲಿಗೆ ಹೋಗಬಹುದಿತ್ತು, ಹೋಗಲಿಲ್ಲ. ಹದಿಮೂರು ತಿಂಗಳಲ್ಲಿ ಅವಳು ನನ್ನ ಒಂದು ಫೋನನ್ನೂ ಎತ್ತಿರಲಿಲ್ಲ. ಅವಳ ಮುಂದೆ ಆರು ಜನರಿದ್ದರು. ನಾನು ಒಬ್ಬೊಬ್ಬರ ಕಾಗದ ನೋಡುತ್ತಿದ್ದೆ. ಅವಳ ಸರದಿ ಬಂತು.

"ಅಕ್ಕ," ಎಂದೆ.

ಅವಳು ಕಾಗದವನ್ನು ಕಿಂಡಿಯೊಳಗೆ ತಳ್ಳಿದಳು.

"ಸಹಿ ಎಲ್ಲಿ ಮಾಡ್ಬೇಕು ಮೇಡಂ?"

ನಾನು ಜಾಗ ತೋರಿಸಿದೆ.